ಮೇಜಿಗೊಂದೇ ಕೋಲು: ವಾರ್‌ಗೇಮ್ ಪಡೆಗಳಿಗೆ ಇಂಚು–ಸೆಂಟಿಮೀಟರ್ ಅಳತೆ ಹೊಂದಿಸುವ ಸಮಗ್ರ ಮಾರ್ಗದರ್ಶಿ

ಶಿರಸಿಯ ಪ್ಲೈವುಡ್ ಅಂಗಡಿಯಲ್ಲಿ ಸ್ವಲ್ಪ ಹೊತ್ತು ನಿಂತರೆ ಸಾಕು, "ಎಂಟು ನಾಲ್ಕರದ್ದು, ಹನ್ನೆರಡು ಎಂಎಂ, ಎರಡು ಶೀಟು" ಎಂಬ ಬೇಡಿಕೆ ಕಿವಿಗೆ ಬೀಳುತ್ತದೆ. ಉದ್ದ ಅಗಲಗಳು ಅಡಿಯಲ್ಲಿ, ದಪ್ಪ ಮಿಲಿಮೀಟರಿನಲ್ಲಿ. ನಮ್ಮ ದೇಶ 1956ರ ಕಾಯಿದೆಯಿಂದಲೇ ಮೆಟ್ರಿಕ್ ಪದ್ಧತಿಯನ್ನು ಒಪ್ಪಿಕೊಂಡಿದೆ. ಆದರೂ ನಿವೇಶನ ಮೂವತ್ತು ನಲವತ್ತರದ್ದೇ, ತೋಟ ಎಕರೆ ಗುಂಟೆಯದ್ದೇ, ಮಕ್ಕಳ ಕಂಪಾಸು ಪೆಟ್ಟಿಗೆಯ ಸ್ಕೇಲು ಮಾತ್ರ ಸೆಂಟಿಮೀಟರಿನದ್ದು. ಮೇಜಿನ ಮೇಲೆ ಪುಟ್ಟ ಸೈನಿಕರ ಗೊಂಬೆಗಳನ್ನು ನಿಲ್ಲಿಸಿ ಆಡುವ ವಾರ್‌ಗೇಮ್‌ಗಳಲ್ಲಿಯೂ ಇದೇ ಬೆರಕೆ ಇದೆ. ಸೈನಿಕ 6 ಇಂಚು ನಡೆಯುತ್ತಾನೆ, ಅವನ ಬಂದೂಕು 24 ಇಂಚು ದೂರ ಹೊಡೆಯುತ್ತದೆ, ಆದರೆ ಅವನು ನಿಂತಿರುವ ಬೇಸು, ಅಂದರೆ ಕಾಲಡಿಯ ಪೀಠ, 25 ಅಥವಾ 32 ಮಿಲಿಮೀಟರಿನದ್ದು, ಅವನ ಎತ್ತರ 28 ಮಿಲಿಮೀಟರ್, ಮೇಜು 6 ಅಡಿಗೆ 4 ಅಡಿ. ಪ್ಲೈವುಡ್ ಅಂಗಡಿಯಲ್ಲಿ ಈ ಬೆರಕೆಯಿಂದ ಯಾರಿಗೂ ನಷ್ಟವಿಲ್ಲ. ಆಟದ ಮೇಜಿನ ಮೇಲೆ ನಷ್ಟವಾಗುತ್ತದೆ.

ಅದು ನನಗೆ ತಿಳಿದದ್ದು ಒಂದು ಆಷಾಢದ ಭಾನುವಾರ. ಕಾರವಾರದಿಂದ ಬಂದಿದ್ದ ಗೆಳೆಯ ಮತ್ತು ನಾನು ನಮ್ಮ ಮನೆಯ ಜಗುಲಿಯಲ್ಲಿ ಆಡುತ್ತಿದ್ದೆವು. ಅವನ ಕೈಯಲ್ಲಿ ಇಂಚಿನ ಉಕ್ಕಿನ ಟೇಪು, ನನ್ನ ಕೈಯಲ್ಲಿ ಸೆಂಟಿಮೀಟರಿನ ಪ್ಲಾಸ್ಟಿಕ್ ಸ್ಕೇಲು. ಎರಡು ದಾಳಗಳ ಮೊತ್ತ ಎಷ್ಟೋ ಅಷ್ಟು ಇಂಚು ಮುನ್ನುಗ್ಗಿ ಶತ್ರುವನ್ನು ಮುಟ್ಟಬೇಕೆಂಬುದು ನಿಯಮ. ನನ್ನ ಕುದುರೆ ಸವಾರರಿಗೂ ಅವನ ಫಿರಂಗಿಗೂ ನಡುವಿನ ಅಂತರ 22.7 ಸೆಂ.ಮೀ. ಇತ್ತು. ದಾಳದಲ್ಲಿ ಬಿದ್ದದ್ದು 9. ಒಂದು ಇಂಚಿಗೆ ಎರಡೂವರೆ ಸೆಂ.ಮೀ. ಎಂದು ಮೊದಲಿನಿಂದಲೂ ಲೆಕ್ಕ ಹಿಡಿದಿದ್ದ ನಾನು 22.5 ಸೆಂ.ಮೀ. ಸರಿಸಿ, ಎರಡು ಮಿಲಿಮೀಟರ್ ಕಡಿಮೆಯಾಯಿತೆಂದು ಕೈ ಬಿಟ್ಟೆ. ಗೆಳೆಯನು ತನ್ನ ಟೇಪು ಹಿಡಿದು ನೋಡಿದಾಗ 9 ಇಂಚಿನ ಗೆರೆ ಫಿರಂಗಿಯ ಬೇಸನ್ನು ದಾಟಿ ಒಳಗೆ ಹೋಗಿತ್ತು, ಏಕೆಂದರೆ ನಿಜವಾದ 9 ಇಂಚು ಎಂದರೆ 22.86 ಸೆಂ.ಮೀ. ಅಂದರೆ ಆ ದಿನದ ಆಟದಲ್ಲಿ ಅವನ ಸೈನಿಕರು ಪ್ರತಿ ನಡೆಯಲ್ಲಿಯೂ ನನ್ನವರಿಗಿಂತ ಒಂದಿಷ್ಟು ಮುಂದೆ ಹೋಗುತ್ತಲೇ ಬಂದಿದ್ದರು, ಮತ್ತು ಅದು ಇಬ್ಬರಿಗೂ ಗೊತ್ತಿರಲಿಲ್ಲ. ಎರಡು ದಾಳಗಳಲ್ಲಿ 9 ಅಥವಾ ಅದಕ್ಕಿಂತ ಹೆಚ್ಚು ಬೀಳುವ ಸಾಧ್ಯತೆ 36ರಲ್ಲಿ 10, ಅಂದರೆ ಶೇಕಡಾ 28ರ ಹತ್ತಿರ. ನನ್ನ ತಪ್ಪು ಲೆಕ್ಕದಂತೆ ಬೇಕಾಗುತ್ತಿದ್ದ 10 ಅಥವಾ ಹೆಚ್ಚು ಬೀಳುವ ಸಾಧ್ಯತೆ 36ರಲ್ಲಿ 6, ಅಂದರೆ ಶೇಕಡಾ 17ರ ಹತ್ತಿರ. ಸ್ಕೇಲಿನ ಮೇಲಿನ ಎರಡು ಮಿಲಿಮೀಟರ್ ದಾಳದ ಮೇಲೆ ಇಷ್ಟು ದೊಡ್ಡದಾಗಿ ಕಾಣುತ್ತದೆ.

ಆದ್ದರಿಂದ ಈ ಬರಹದುದ್ದಕ್ಕೂ ನಾನು ಹಿಡಿಯುವ ನಿಯಮ ಒಂದೇ. ಅಳತೆಯ ಹೆಸರು ಇಂಚೇ ಆಗಲಿ ಸೆಂಟಿಮೀಟರೇ ಆಗಲಿ, ನಡಿಗೆ, ಗುರಿದೂರ, ಬೇಸು, ಮೇಜು ಈ ನಾಲ್ಕೂ ಒಂದೇ ಪ್ರಮಾಣದಲ್ಲಿ ಹಿಗ್ಗಬೇಕು ಅಥವಾ ಕುಗ್ಗಬೇಕು, ಮತ್ತು ಒಂದು ಮೇಜಿನ ಮೇಲೆ ಒಂದೇ ಅಳತೆಕೋಲು ಇರಬೇಕು.

ಮೊದಲ ಹೆಜ್ಜೆ: ನಿಮ್ಮ ಆಟ ಯಾವುದನ್ನು ಯಾವುದರಲ್ಲಿ ಅಳೆಯುತ್ತದೆ ಎಂದು ಬರೆದುಕೊಳ್ಳಿ

ಒಂದು ಹಾಳೆಯಲ್ಲಿ ನಾಲ್ಕು ಸಾಲು ಎಳೆದು, ನಡಿಗೆ ಮತ್ತು ಗುರಿದೂರ, ಬೇಸಿನ ಅಳತೆ, ಮೇಜಿನ ಅಳತೆ, ಗೊಂಬೆಯ ಎತ್ತರ ಎಂದು ಬರೆಯಿರಿ. ನಿಯಮ ಪುಸ್ತಕವನ್ನು ನೋಡುತ್ತ ಪ್ರತಿಯೊಂದರ ಮುಂದೆ ಅದರ ಮೂಲ ಮಾನವನ್ನು ತುಂಬಿ. ಈ ಕೆಲಸಕ್ಕೆ ಹತ್ತು ನಿಮಿಷ ಸಾಕು. ಇದನ್ನು ಬಿಟ್ಟರೆ ಮುಂದಿನದೆಲ್ಲ ಊಹೆಯಾಗುತ್ತದೆ.

ಆಟಗಳು ಒಂದೊಂದೂ ಒಂದೊಂದು ಬಗೆ. ವಾರ್‌ಹ್ಯಾಮರ್ 40,000 ಮತ್ತು ಬೋಲ್ಟ್ ಆ್ಯಕ್ಷನ್‌ನಲ್ಲಿ ದೂರವೆಲ್ಲ ಇಂಚಿನಲ್ಲಿ, ಬೇಸುಗಳೆಲ್ಲ ಮಿಲಿಮೀಟರಿನಲ್ಲಿ. ಎರಡನೆಯ ಮಹಾಯುದ್ಧದ ಫ್ಲೇಮ್ಸ್ ಆಫ್ ವಾರ್ ತನ್ನ ನಿಯಮಗಳಲ್ಲಿ ಎರಡೂ ಮಾನಗಳನ್ನು ಜೊತೆಯಾಗಿ ಮುದ್ರಿಸುತ್ತ ಬಂದಿದೆ. ಅಲ್ಲಿ 4 ಇಂಚಿಗೆ 10 ಸೆಂ.ಮೀ., 16 ಇಂಚಿಗೆ 40 ಸೆಂ.ಮೀ. ಎಂದಿರುತ್ತದೆ, ಅಂದರೆ ಇಂಚನ್ನು ಎರಡೂವರೆ ಸೆಂ.ಮೀ. ಎಂದೇ ಹಿಡಿದಿದ್ದಾರೆ. 2000ದಲ್ಲಿ ಬಂದ ವಾರ್‌ಮಾಸ್ಟರ್ ಪೂರ್ತಿ ಸೆಂಟಿಮೀಟರಿನ ಆಟ: ಪದಾತಿ 20 ಸೆಂ.ಮೀ., ಅಶ್ವದಳ 30 ಸೆಂ.ಮೀ. ಪ್ರಾಚೀನ ಯುದ್ಧಗಳ ಡಿಬಿಎ (ಡಿ ಬೆಲ್ಲಿಸ್ ಆ್ಯಂಟಿಕ್ವಿಟಾಟಿಸ್) ಆಟವು ತನ್ನ ಮೂರನೆಯ ಆವೃತ್ತಿಯಲ್ಲಿ ಇಂಚನ್ನೂ ಸೆಂಟಿಮೀಟರನ್ನೂ ಪಕ್ಕಕ್ಕಿಟ್ಟು, ಬೇಸಿನ ಅಗಲವನ್ನೇ ಮಾನವಾಗಿ ಮಾಡಿಕೊಂಡಿತು. ನನ್ನ ದೃಷ್ಟಿಯಲ್ಲಿ ಈ ಕೊನೆಯದು ಬಹಳ ವಿವೇಕದ ನಿರ್ಧಾರ, ಏಕೆಂದರೆ ಗೊಂಬೆ ಚಿಕ್ಕದಾದರೆ ಅಳತೆಯೂ ತಾನಾಗಿ ಚಿಕ್ಕದಾಗುತ್ತದೆ, ಯಾರೂ ಗುಣಾಕಾರ ಮಾಡಬೇಕಾಗಿಲ್ಲ.

ಎರಡನೆಯ ಹೆಜ್ಜೆ: ಮೂರು ದಾರಿಗಳಲ್ಲಿ ಒಂದನ್ನು ಆರಿಸಿಕೊಳ್ಳಿ

ಮೊದಲನೆಯ ದಾರಿ ಪರಿವರ್ತನೆ ಮಾಡದೆ ಇರುವುದು. ಆಟ ಇಂಚಿನದ್ದಾಗಿದ್ದು, ಇಬ್ಬರ ಬಳಿಯೂ ಇಂಚಿನ ಟೇಪು ಇದ್ದು, ಮನೆಯಲ್ಲಿ 6 ಅಡಿಗೆ 4 ಅಡಿಯ ಹಲಗೆ ಹಾಸಲು ಜಾಗವಿದ್ದರೆ ಇದಕ್ಕಿಂತ ಒಳ್ಳೆಯದು ಬೇರೆ ಇಲ್ಲ. ನಮ್ಮಲ್ಲಿ ಮಾರುವ ಉಕ್ಕಿನ ಟೇಪುಗಳಲ್ಲಿ ಸಾಮಾನ್ಯವಾಗಿ ಒಂದು ಅಂಚಿಗೆ ಇಂಚು, ಇನ್ನೊಂದು ಅಂಚಿಗೆ ಸೆಂಟಿಮೀಟರ್ ಇರುತ್ತದೆ. ಬೇಡದ ಅಂಚಿನ ಮೇಲೆ ಬಣ್ಣದ ಟೇಪು ಅಂಟಿಸಿಬಿಟ್ಟರೆ ಕಣ್ಣು ತಪ್ಪುವುದಿಲ್ಲ.

ಎರಡನೆಯ ದಾರಿ ಇಂಚನ್ನು ಎರಡೂವರೆ ಸೆಂ.ಮೀ. ಎಂದು ಹಿಡಿಯುವುದು. ಅಮೆರಿಕ, ಬ್ರಿಟನ್ ಮೊದಲಾದ ಆರು ದೇಶಗಳು 1959ರಲ್ಲಿ ಮಾಡಿಕೊಂಡ ಒಪ್ಪಂದದ ಪ್ರಕಾರ ಒಂದು ಗಜ ಎಂದರೆ 0.9144 ಮೀಟರ್, ಆದ್ದರಿಂದ ಒಂದು ಇಂಚು ಎಂದರೆ ಕರಾರುವಾಕ್ಕಾಗಿ 25.4 ಮಿ.ಮೀ. ಅದನ್ನು 25 ಮಾಡಿದರೆ ಪ್ರತಿ ಅಳತೆಯೂ ಶೇಕಡಾ 1.6ರಷ್ಟು ಕುಗ್ಗುತ್ತದೆ. ಇಬ್ಬರೂ ಹಾಗೆಯೇ ಅಳೆದರೆ ಈ ಕುಗ್ಗುವಿಕೆಯಿಂದ ಯಾರಿಗೂ ಅನ್ಯಾಯವಿಲ್ಲ. ಮೇಜನ್ನು 180ಕ್ಕೆ 120 ಸೆಂ.ಮೀ. ಮಾಡಿಕೊಂಡರಂತೂ ಲೆಕ್ಕ ಪೂರ್ತಿ ಸರಿಹೋಗುತ್ತದೆ, ಏಕೆಂದರೆ 72ಕ್ಕೆ 48 ಇಂಚನ್ನು ಎರಡೂವರೆಯಿಂದ ಗುಣಿಸಿದರೆ ಬರುವುದು ಅದೇ. ಶಾಲೆಯಲ್ಲಿ ಸೆಂಟಿಮೀಟರನ್ನೇ ಕಲಿತ ಮಕ್ಕಳೊಡನೆ ಆಡುವಾಗ ನಾನು ಈ ದಾರಿಯನ್ನೇ ಹಿಡಿಯುತ್ತೇನೆ. ಹತ್ತು ವರ್ಷದ ಮಗುವಿಗೆ 15, 30, 60 ಎನ್ನುವ ಸಂಖ್ಯೆಗಳು ಸ್ಕೇಲಿನ ಮೇಲೆ ಕೂಡಲೇ ಸಿಗುತ್ತವೆ.

ಎರಡೂ ಬಗೆಯ ಲೆಕ್ಕದಲ್ಲಿ ಪದೇ ಪದೇ ಬೇಕಾಗುವ ಅಳತೆಗಳು ಹೀಗಿವೆ. ಮೊದಲನೆಯದು ನಿಖರ, ಎರಡನೆಯದು ಎರಡೂವರೆಯ ಲೆಕ್ಕ.

2 ಇಂಚು: 5.08 ಸೆಂ.ಮೀ. / 5 ಸೆಂ.ಮೀ.
6 ಇಂಚು: 15.24 / 15
9 ಇಂಚು: 22.86 / 22.5
12 ಇಂಚು: 30.48 / 30
18 ಇಂಚು: 45.72 / 45
24 ಇಂಚು: 60.96 / 60
48 ಇಂಚು: 121.92 / 120

24 ಇಂಚಿನ ಬಂದೂಕಿಗೆ ಎರಡು ಲೆಕ್ಕಗಳ ನಡುವಿನ ವ್ಯತ್ಯಾಸ ಹೆಚ್ಚುಕಡಿಮೆ ಒಂದು ಸೆಂಟಿಮೀಟರ್ ಎಂಬುದನ್ನು ಗಮನಿಸಿ. ಗುಂಡು ತಾಗಿತೋ ಇಲ್ಲವೋ ಎಂಬ ವಾದ ಹುಟ್ಟುವುದು ಈ ಒಂದು ಸೆಂಟಿಮೀಟರಿನಲ್ಲಿಯೇ. ಒಂದೊಂದು ಸಂಖ್ಯೆಯನ್ನು ಪ್ರತ್ಯೇಕವಾಗಿ "ಹತ್ತಿರದ ಪೂರ್ಣಾಂಕ"ಕ್ಕೆ ಸರಿಮಾಡುವ ಆಸೆಯನ್ನೂ ಬಿಡಬೇಕು. ಒಂದು ಇಂಚನ್ನು 3 ಸೆಂ.ಮೀ., ಎರಡು ಇಂಚನ್ನು 5 ಸೆಂ.ಮೀ., ಆರು ಇಂಚನ್ನು 15 ಸೆಂ.ಮೀ. ಎಂದು ಬರೆದುಕೊಂಡವರನ್ನು ನೋಡಿದ್ದೇನೆ. ಅಲ್ಲಿ ಮೊದಲನೆಯದು ಶೇಕಡಾ 18ರಷ್ಟು ಹಿಗ್ಗಿದೆ, ಉಳಿದವೆರಡು ಕುಗ್ಗಿವೆ, ಹೀಗಾಗಿ ಕೈಕೈ ಕಾದಾಟದ ತುಕಡಿಗಳಿಗೆ ಸುಮ್ಮನೆ ಲಾಭವಾಗುತ್ತದೆ.

ಮೂರನೆಯ ದಾರಿಯೇ ನನಗೆ ಪ್ರಿಯವಾದದ್ದು: ಪುಸ್ತಕದಲ್ಲಿ ಇಂಚು ಎಂದಿರುವಲ್ಲೆಲ್ಲ ಸೆಂಟಿಮೀಟರ್ ಎಂದು ಓದಿಕೊಳ್ಳುವುದು. 6 ಇಂಚು 6 ಸೆಂ.ಮೀ. ಆಗುತ್ತದೆ, 24 ಇಂಚಿನ ಬಂದೂಕು 24 ಸೆಂ.ಮೀ. ಹೊಡೆಯುತ್ತದೆ, 72ಕ್ಕೆ 48 ಇಂಚಿನ ಮೇಜು 72ಕ್ಕೆ 48 ಸೆಂ.ಮೀ. ಆಗುತ್ತದೆ. ಆರೂವರೆ ಪಟ್ಟು ಕಡಿಮೆ ಜಾಗದಲ್ಲಿ ಅದೇ ಯುದ್ಧ ನಡೆಯುತ್ತದೆ. ಕಾರವಾರದಲ್ಲಿ ಬಾಡಿಗೆಯ ಎರಡು ಕೋಣೆಯ ಮನೆಯಲ್ಲಿರುವ ನನ್ನ ಗೆಳೆಯನಿಗೆ ಊಟದ ಮೇಜಿನ ಅರ್ಧದಲ್ಲಿ ಪೂರ್ತಿ ಆಟ ಹೂಡಲು ಸಾಧ್ಯವಾದದ್ದು ಇದರಿಂದಲೇ. ಆದರೆ ಇಲ್ಲಿ ಎಚ್ಚರ ಹೆಚ್ಚು ಬೇಕು. ಎಲ್ಲವೂ 2.54 ಪಟ್ಟು ಕುಗ್ಗುವಾಗ ಗೊಂಬೆಯೂ ಕುಗ್ಗಬೇಕು: 28 ಮಿ.ಮೀ. ಗೊಂಬೆಯ ಜಾಗಕ್ಕೆ 11 ಮಿ.ಮೀ. ಬರುತ್ತದೆ, ಆದ್ದರಿಂದ ಮಾರುಕಟ್ಟೆಯಲ್ಲಿ ಸಿಗುವ 10 ಅಥವಾ 12 ಮಿ.ಮೀ. ಗೊಂಬೆಗಳು ಸರಿಹೊಂದುತ್ತವೆ. 25 ಮಿ.ಮೀ. ಬೇಸು 10 ಮಿ.ಮೀ. ಆಗಬೇಕು, 40 ಮಿ.ಮೀ. ಬೇಸು 16 ಮಿ.ಮೀ. ಆಗಬೇಕು.

ಬೇಸನ್ನು ಮಾತ್ರ ಹಳೆಯದೇ ಇಟ್ಟುಕೊಂಡರೆ ಏನಾಗುತ್ತದೆ ಎಂಬುದನ್ನು ಒಮ್ಮೆ ಮೇಜಿನ ಮೇಲೆ ಇಟ್ಟು ನೋಡಿದರೆ ಮರೆಯಲಾಗದು. 25 ಮಿ.ಮೀ. ಬೇಸಿನ ಹತ್ತು ಸೈನಿಕರು ಒತ್ತಾಗಿ ಸಾಲಾಗಿ ನಿಂತರೆ 25 ಸೆಂ.ಮೀ. ಆಗುತ್ತದೆ. ಮೂಲ ಮೇಜಿನ 183 ಸೆಂ.ಮೀ. ಉದ್ದದಲ್ಲಿ ಅದು ಏಳನೆಯ ಒಂದು ಭಾಗ, 72 ಸೆಂ.ಮೀ. ಮೇಜಿನಲ್ಲಿ ಅದು ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು. ಇಂತಹ ಮೂರು ತುಕಡಿ ನಿಂತರೆ ಬಗಲಿನಿಂದ ಸುತ್ತಿ ಬರಲು ಜಾಗವೇ ಉಳಿಯುವುದಿಲ್ಲ, ಆಟ ಕೇವಲ ನೂಕಾಟವಾಗುತ್ತದೆ.

15 ಮಿ.ಮೀ. ಗೊಂಬೆಗಳಿದ್ದರೆ ಸೆಂಟಿಮೀಟರಿಗಿಂತ ಅರ್ಧ ಇಂಚು ಹೆಚ್ಚು ಹೊಂದುತ್ತದೆ, ಏಕೆಂದರೆ 15 ಎಂಬುದು 28ರ ಅರ್ಧಕ್ಕೆ ಹತ್ತಿರ. ಆಗ ಮೇಜು 3 ಅಡಿಗೆ 2 ಅಡಿ. ತಿರುಗುಮುರುಗಿನ ಪರಿವರ್ತನೆ, ಅಂದರೆ ಸೆಂಟಿಮೀಟರಿನ ಆಟವನ್ನು ದೊಡ್ಡ ಗೊಂಬೆಗಳಿಗಾಗಿ ಇಂಚಿಗೆ ತರುವುದು, ಸಾಮಾನ್ಯವಾಗಿ ಮನೆಯಲ್ಲಿ ಆಗದ ಮಾತು: ವಾರ್‌ಮಾಸ್ಟರಿನ 180ಕ್ಕೆ 120 ಸೆಂ.ಮೀ. ಮೇಜು 15 ಅಡಿಗೆ 10 ಅಡಿಯಾಗುತ್ತದೆ, ನಡುವಿನ ಗೊಂಬೆಗೆ ಕೈ ಎಟಕುವುದಿಲ್ಲ.

ಮೂರನೆಯ ಹೆಜ್ಜೆ: ತುಕಡಿಯ ನೆಲದ ಗುರುತನ್ನು ಹೊಂದಿಸಿ

ಬಿಡಿ ಸೈನಿಕರ ಆಟಗಳಲ್ಲಿ ಬೇಸು ಒಂದೊಂದಾಗಿ ಓಡಾಡುತ್ತದೆ, ಅಲ್ಲಿ ನೋಡಬೇಕಾದದ್ದು ತುಕಡಿಯೊಳಗಿನ ಅಂತರ ಮಾತ್ರ. ವಾರ್‌ಹ್ಯಾಮರ್ 40,000ದ 2023ರ ಹತ್ತನೆಯ ಆವೃತ್ತಿಯಲ್ಲಿ ತುಕಡಿಯ ಪ್ರತಿಯೊಬ್ಬ ಸೈನಿಕನೂ ಅದೇ ತುಕಡಿಯ ಕನಿಷ್ಠ ಇನ್ನೊಬ್ಬನಿಂದ 2 ಇಂಚಿನೊಳಗೆ ಇರಬೇಕು. ಎರಡೂವರೆಯ ಲೆಕ್ಕದಲ್ಲಿ ಅದು 5 ಸೆಂ.ಮೀ., ಸೆಂಟಿಮೀಟರಿನ ಆಟದಲ್ಲಿ 2 ಸೆಂ.ಮೀ. ಇದಕ್ಕೆ ಟೇಪು ಹಿಡಿಯುವುದಕ್ಕಿಂತ ಅಷ್ಟೇ ಅಗಲದ ರಟ್ಟಿನ ತುಂಡನ್ನು ಎರಡು ಬೇಸುಗಳ ನಡುವೆ ಹಾಯಿಸಿ ನೋಡುವುದು ಶೀಘ್ರ.

ಸಾಲುಗಟ್ಟಿ ನಿಲ್ಲುವ ತುಕಡಿಗಳ ಆಟದಲ್ಲಿ ಸಂಗತಿ ಬೇರೆ. ಕಿಂಗ್ಸ್ ಆಫ್ ವಾರ್‌ನಲ್ಲಿ 20 ಮಿ.ಮೀ. ಚೌಕ ಬೇಸಿನ 20 ಪದಾತಿಗಳ ರೆಜಿಮೆಂಟ್ ಐದು ಐದರಂತೆ ನಾಲ್ಕು ಸಾಲಿನಲ್ಲಿ ನಿಂತು 100ಕ್ಕೆ 80 ಮಿ.ಮೀ. ನೆಲವನ್ನು ಹಿಡಿಯುತ್ತದೆ, 10 ಸೈನಿಕರ ಟ್ರೂಪ್ 100ಕ್ಕೆ 40, 40 ಸೈನಿಕರ ಹೋರ್ಡ್ 200ಕ್ಕೆ 80 ಮಿ.ಮೀ. ಆದರೆ ಇವೆಲ್ಲವುಗಳ ನಡಿಗೆ ಇಂಚಿನಲ್ಲಿದೆ. ಇಲ್ಲಿ ತುಕಡಿಯ ನೆಲದ ಗುರುತೇ ಮುಖ್ಯ, ಅದರ ಮೇಲೆ ಎಷ್ಟು ಗೊಂಬೆ ಇವೆ ಎಂಬುದು ಎರಡನೆಯ ಮಾತು. ಆದ್ದರಿಂದ ಆಚಾರರ ಬಳಿ ತುಕಡಿಯನ್ನು ನಿಲ್ಲಿಸುವ ಮರದ ತಟ್ಟೆ ಕತ್ತರಿಸಲು ಕೊಡುವಾಗ 100 ಮಿ.ಮೀ. ಎಂದೇ ಹೇಳಬೇಕು, "ನಾಲ್ಕು ಇಂಚು" ಎನ್ನಬಾರದು. ನಾನು ಹಾಗೆಂದು ಹನ್ನೆರಡು ತಟ್ಟೆ ಮಾಡಿಸಿದಾಗ ಒಂದೊಂದೂ 101.6 ಮಿ.ಮೀ. ಬಂದಿತ್ತು. ಒಂದೊಂದರಲ್ಲಿ ಅದು ಕಾಣುವುದಿಲ್ಲ. ಆರು ತಟ್ಟೆಗಳನ್ನು ಒತ್ತಾಗಿ ಇಟ್ಟಾಗ ಸಾಲು ಎದುರಾಳಿಯ ಸಾಲಿಗಿಂತ ಒಂದು ಸೆಂಟಿಮೀಟರ್ ಉದ್ದವಾಗಿ, ಕೊನೆಯ ತುಕಡಿ ಬೆಟ್ಟದ ತುದಿಯಿಂದ ಹೊರಗೆ ಚಾಚಿಕೊಂಡಿತು. ಬಡಗಿಗಳು ಇಂಚನ್ನು ಎಂಟು ನೂಲಾಗಿ ಒಡೆಯುತ್ತಾರೆ. ಒಂದು ನೂಲು ಎಂದರೆ 3 ಮಿ.ಮೀ.ಗಿಂತ ಸ್ವಲ್ಪ ಹೆಚ್ಚು. ಆ ಲೆಕ್ಕದಲ್ಲಿ ಅರ್ಧ ನೂಲು ಹೆಚ್ಚುಕಡಿಮೆ ಬಾಗಿಲ ಚೌಕಟ್ಟಿಗೆ ನಡೆಯುತ್ತದೆ, ನಮ್ಮ ತಟ್ಟೆಗೆ ನಡೆಯುವುದಿಲ್ಲ. ಅಳತೆಯ ಒಂದು ಮಾದರಿ ತಟ್ಟೆಯನ್ನು ನಾವೇ ಮಾಡಿ ಕೊಟ್ಟುಬಿಟ್ಟರೆ ಇಬ್ಬರಿಗೂ ಸಲೀಸು.

ಡಿಬಿಎ ಆಡುವವರು 15 ಮಿ.ಮೀ. ಗೊಂಬೆಗೆ 40 ಮಿ.ಮೀ. ಅಗಲದ ಬೇಸನ್ನೂ, 25–28 ಮಿ.ಮೀ. ಗೊಂಬೆಗೆ 60 ಮಿ.ಮೀ. ಅಗಲದ ಬೇಸನ್ನೂ ಮಾಡಿಕೊಂಡು, ಪಡೆಗೆ 12 ಬೇಸಿನಂತೆ ಆಡುತ್ತಾರೆ. ಹೊಸದಾಗಿ ಶುರುಮಾಡುವವರಿಗೆ ನನ್ನ ಸಲಹೆ ಇದೇ ಆಟ.

ನಾಲ್ಕನೆಯ ಹೆಜ್ಜೆ: ಕೋಲು ಮಾಡಿಕೊಳ್ಳಿ

ಇದು ಈ ಮಾರ್ಗದರ್ಶಿಯ ಹೃದಯ. ಅಂಗಡಿಯ ಅಳತೆಪಟ್ಟಿಗಳಲ್ಲಿ ಪ್ರತಿಯೊಂದಕ್ಕೂ ಒಂದೊಂದು ದೋಷವಿದೆ. ಪ್ಲಾಸ್ಟಿಕ್ ಸ್ಕೇಲಿನಲ್ಲಿ ಸೊನ್ನೆಯ ಗೆರೆಗೆ ಮೊದಲು ಅರ್ಧ ಸೆಂಟಿಮೀಟರಿನಷ್ಟು ಖಾಲಿ ತುದಿ ಇರುತ್ತದೆ, ಆತುರದಲ್ಲಿ ತುದಿಯನ್ನೇ ಬೇಸಿಗೆ ತಾಗಿಸುತ್ತೇವೆ. ಉಕ್ಕಿನ ಟೇಪಿನ ತುದಿಯ ಕೊಕ್ಕೆ ಸಡಿಲವಾಗಿರುವುದು ದೋಷವಲ್ಲ, ಒಳ ಅಳತೆಗೂ ಹೊರ ಅಳತೆಗೂ ಹೊಂದಲೆಂದು ತನ್ನ ದಪ್ಪದಷ್ಟೇ ಸರಿಯುವಂತೆ ಮಾಡಿರುತ್ತಾರೆ. ಆದರೆ ಬೇಸಿನ ಪಕ್ಕದಲ್ಲಿ ಸುಮ್ಮನೆ ಇಟ್ಟಾಗ ಅದು ಒಳಗಿದೆಯೋ ಹೊರಗಿದೆಯೋ ತಿಳಿಯುವುದಿಲ್ಲ. ದರ್ಜಿಯ ಟೇಪು ಬಳಸುತ್ತ ಬಳಸುತ್ತ ಜಗ್ಗುತ್ತದೆ. ರಟ್ಟಿನ ಅಳತೆಪಟ್ಟಿಗಳು ನಮ್ಮ ಘಟ್ಟದ ಮಳೆಗಾಲದಲ್ಲಿ ಎರಡು ವಾರಕ್ಕೆ ಬಾಳೆಸಿಪ್ಪೆಯಂತೆ ಡೊಂಕಾಗುತ್ತವೆ.

ನಾನು ಬಳಸುವುದು ಅಡಿಕೆ ದಬ್ಬೆ. ಚೆನ್ನಾಗಿ ಬಲಿತ ಮರವನ್ನು ಸೀಳಿ, ಒಂದು ಬೇಸಿಗೆಕಾಲ ಪೂರ್ತಿ ನೆರಳಿನಲ್ಲಿ ಒಣಗಿದ ದಬ್ಬೆಯನ್ನು ತೆಗೆದುಕೊಳ್ಳಿ. ಅದು ಸಿಗದವರಿಗೆ ಬಿದಿರು ಅಥವಾ ಸಾಗವಾನಿಯ ಪಟ್ಟಿಯೂ ಆದೀತು. ಮರದ ನಾರು ತೇವಕ್ಕೆ ಅಡ್ಡಡ್ಡ ಹಿಗ್ಗುತ್ತದೆ, ಉದ್ದಕ್ಕೆ ಹಿಗ್ಗುವುದು ಇಲ್ಲವೆನ್ನುವಷ್ಟು ಕಡಿಮೆ. ಆದ್ದರಿಂದ ನಾರಿನ ಉದ್ದಕ್ಕೆ ಕತ್ತರಿಸಿದ ಕೋಲು ಜುಲೈಯಲ್ಲಿಯೂ ಜನವರಿಯಲ್ಲಿಯೂ ಒಂದೇ ಉದ್ದ ಇರುತ್ತದೆ. ಒಂದು ಬೆರಳಿನಷ್ಟು ಅಗಲ, 3 ಮಿ.ಮೀ. ದಪ್ಪಕ್ಕೆ ಹೆರೆದು, ಮೈಯನ್ನು ಮರಳು ಕಾಗದದಿಂದ ತಿಕ್ಕಿ ನುಣುಪು ಮಾಡಿ. ಎರಡೂ ತುದಿಗಳನ್ನು ಗುಣಿಯಿಂದ (ಬಡಗಿಯ ಲಂಬಕೋನದ ಪಟ್ಟಿಯಿಂದ) ನೋಡಿ ನೇರವಾಗಿ ಕತ್ತರಿಸಿ, ತುದಿಯೇ ಸೊನ್ನೆಯಾಗುವಂತೆ ಮಾಡಿ. ಗೆರೆಗಳನ್ನು ಪೆನ್ಸಿಲಿನಿಂದ ಎಳೆಯಬೇಡಿ, ಚೂಪಾದ ಚಾಕುವಿನಿಂದ ಗೀರಬೇಕು; ಪೆನ್ಸಿಲಿನ ಗೆರೆಗೇ ಅರ್ಧ ಮಿಲಿಮೀಟರಿನಷ್ಟು ದಪ್ಪವಿರುತ್ತದೆ, ಸೆಂಟಿಮೀಟರಿನ ಆಟದಲ್ಲಿ ಅದು ಇಪ್ಪತ್ತನೆಯ ಒಂದು ಭಾಗ. ಗೀರಿನಲ್ಲಿ ಇಂಡಿಯನ್ ಇಂಕ್ ತುಂಬಿ ಒರೆಸಿ, ಮೇಲೆ ತೆಳುವಾಗಿ ವಾರ್ನಿಷ್ ಹಚ್ಚಿ.

ಗೆರೆಗಳನ್ನು ಒಂದರಿಂದ ಒಂದಕ್ಕೆ ಅಳೆಯುತ್ತ ಹೋಗಬಾರದು, ಪ್ರತಿ ಗೆರೆಯನ್ನೂ ಸೊನ್ನೆಯಿಂದಲೇ ಅಳೆಯಬೇಕು. ಹನ್ನೆರಡು ಗೆರೆಗಳಲ್ಲಿ ಒಂದೊಂದಕ್ಕೂ ಕಾಲು ಮಿಲಿಮೀಟರ್ ತಪ್ಪಿದರೆ ಕೊನೆಯಲ್ಲಿ 3 ಮಿ.ಮೀ. ಆಗುತ್ತದೆ. ಕೋಲಿನ ಮೇಲೆ ಸಂಖ್ಯೆಗಳನ್ನು ಬರೆಯುವಾಗ "ಇಂಚು", "ಸೆಂ.ಮೀ." ಎಂದು ಬರೆಯದೆ 1, 2, 3 ಎಂದಷ್ಟೇ ಬರೆಯಿರಿ. ಅದನ್ನು ನಮ್ಮ ಮನೆಯಲ್ಲಿ "ಕೋಲು" ಎಂದೇ ಕರೆಯುತ್ತೇವೆ: ಪದಾತಿ ಆರು ಕೋಲು, ಫಿರಂಗಿ ನಲವತ್ತೆಂಟು ಕೋಲು. ಆಟದ ಗಾತ್ರ ಬದಲಾದರೆ ಕೋಲು ಬದಲಾಗುತ್ತದೆ, ಪುಸ್ತಕದ ಸಂಖ್ಯೆ ಬದಲಾಗುವುದಿಲ್ಲ, ತಲೆಯಲ್ಲಿ ಗುಣಾಕಾರವೂ ಬೇಡ. ಆಟ ಶುರುವಾಗುವ ಮೊದಲು ಇಬ್ಬರೂ ಆ ಕೋಲನ್ನು ಪರೀಕ್ಷಿಸಿ ಒಪ್ಪಿಕೊಳ್ಳಬೇಕು, ಉಳಿದ ಟೇಪು ಸ್ಕೇಲುಗಳೆಲ್ಲ ಮೇಜಿನಿಂದ ಕೆಳಗಿಳಿಯಬೇಕು.

ಐದನೆಯ ಹೆಜ್ಜೆ: ಅಳೆಯುವ ಕೈ

ಬೇಸಿನ ಯಾವ ಬಿಂದುವಿನಿಂದ ಅಳೆಯಲು ಆರಂಭಿಸಿದಿರೋ ನಡೆ ಮುಗಿದಾಗ ಅದೇ ಬಿಂದು ಕೋಲಿನ ಗೆರೆಗೆ ಬರಬೇಕು. ಮುಂದಿನ ಅಂಚಿನಿಂದ ಅಳೆದು ಹಿಂದಿನ ಅಂಚನ್ನು ಗೆರೆಯಲ್ಲಿ ನಿಲ್ಲಿಸಿದರೆ 25 ಮಿ.ಮೀ. ಬೇಸಿನ ಸೈನಿಕನಿಗೆ ಒಂದು ಇಂಚು ಪುಕ್ಕಟೆಯಾಗಿ ಸಿಗುತ್ತದೆ, ಸೆಂಟಿಮೀಟರಿನ ಆಟದಲ್ಲಿ 10 ಮಿ.ಮೀ. ಬೇಸಿಗೂ ಅಷ್ಟೇ ಪ್ರಮಾಣದ ಲಾಭ. ಕೋಲನ್ನು ಬೇಸಿನ ಮಟ್ಟದಲ್ಲಿಯೇ ಹಿಡಿದು, ನೇರ ಮೇಲಿನಿಂದ ಕಣ್ಣಿಟ್ಟು ನೋಡಿ. ಓರೆಯಾಗಿ ಕೂತು ನೋಡಿದರೆ ಗೆರೆ ಜಾರಿದಂತೆ ಕಾಣುತ್ತದೆ. ಅಂತರ ಕೂದಲೆಳೆಯಷ್ಟಿದ್ದು ಇಬ್ಬರಿಗೂ ಒಪ್ಪಿಗೆಯಾಗದಿದ್ದರೆ ದಾಳ ಹಾಕುವ ಮೊದಲೇ "ಇದು ಒಂಬತ್ತೋ ಹತ್ತೋ" ಎಂದು ತೀರ್ಮಾನಿಸಿಕೊಳ್ಳಿ. ದಾಳ ಬಿದ್ದ ಮೇಲೆ ಯಾರ ಕಣ್ಣೂ ನಿಷ್ಪಕ್ಷಪಾತವಾಗಿರುವುದಿಲ್ಲ.

ಆರನೆಯ ಹೆಜ್ಜೆ: ನಮ್ಮ ನೆಲದ ಯುದ್ಧಕ್ಕೆ ಪ್ರಮಾಣ ಕಟ್ಟುವುದು

ಸ್ವಂತ ಸನ್ನಿವೇಶ ಬರೆಯುವವರಿಗೆ ಇಂಚು–ಮೀಟರಿನ ತೊಡಕು ಇನ್ನೊಂದು ರೂಪದಲ್ಲಿ ಬರುತ್ತದೆ, ಏಕೆಂದರೆ ಹಳೆಯ ದಾಖಲೆಗಳೆಲ್ಲ ಗಜ ಮತ್ತು ಮೈಲಿಯಲ್ಲಿವೆ. ನಮ್ಮ ಜಿಲ್ಲೆಯಲ್ಲಿಯೇ ಹೊನ್ನಾವರವಿದೆ. 1783ರ ಆರಂಭದಲ್ಲಿ ಜನರಲ್ ಮ್ಯಾಥ್ಯೂಸನ ಕೈಕೆಳಗಿನ ಕಂಪನಿ ಪಡೆ ಅದನ್ನು ಹಿಡಿಯಿತು, ಅದೇ ವರ್ಷ ಟಿಪ್ಪುವಿನ ಸೈನ್ಯ ಮುತ್ತಿಗೆ ಹಾಕಿತು, ಕ್ಯಾಪ್ಟನ್ ಟೊರಿಯಾನೋನ ಕಾವಲುಪಡೆ 1784ರ ಸಂಧಿಯವರೆಗೂ ಕೋಟೆಯನ್ನು ಬಿಡಲಿಲ್ಲ. ಇಂತಹ ಸನ್ನಿವೇಶಕ್ಕೆ ಒಂದು ಬೆಟಾಲಿಯನ್ ಎಷ್ಟು ಅಗಲ ಇರಬೇಕೆಂದು ಲೆಕ್ಕ ಹಾಕೋಣ. ಆ ಕಾಲದ ಬ್ರಿಟಿಷ್ ಕವಾಯತಿನಲ್ಲಿ ಭುಜಕ್ಕೆ ಭುಜ ತಾಗಿ ನಿಂತ ಒಬ್ಬ ಸಿಪಾಯಿಗೆ 22 ಇಂಚು ಜಾಗ. 500 ಜನರನ್ನು ಮೂರು ಸಾಲಾಗಿ ನಿಲ್ಲಿಸಿದರೆ ಒಂದೊಂದು ಸಾಲಿನಲ್ಲಿ 167 ಜನ. 167ನ್ನು 22ರಿಂದ ಗುಣಿಸಿದರೆ 3,674 ಇಂಚು, ಅಂದರೆ 102 ಗಜ, ಅಂದರೆ ಸುಮಾರು 93 ಮೀಟರ್. ಮಸ್ಕೆಟ್ ಬಂದೂಕಿನ ಪರಿಣಾಮಕಾರಿ ದೂರವನ್ನು 100 ಗಜ ಎಂದು ಹಿಡಿದರೆ, ಬೆಟಾಲಿಯನ್ನಿನ ಅಗಲವೂ ಅದರ ಗುಂಡಿನ ದೂರವೂ ಹೆಚ್ಚುಕಡಿಮೆ ಸಮ ಎಂಬ ಸುಂದರವಾದ ಸಂಗತಿ ಹೊರಬೀಳುತ್ತದೆ. ಈ ಒಂದು ಸಂಬಂಧ ಉಳಿದರೆ ಸಾಕು, ಮಾನ ಯಾವುದಾದರೂ ಆಗಬಹುದು. ಒಂದು ಇಂಚಿಗೆ 25 ಗಜ ಎಂದು ಹಿಡಿದರೆ ಎರಡೂ 4 ಇಂಚು. ಒಂದು ಸೆಂಟಿಮೀಟರಿಗೆ 10 ಮೀಟರ್ ಎಂದು ಹಿಡಿದರೆ ಎರಡೂ 9 ಸೆಂಟಿಮೀಟರಿನ ಆಸುಪಾಸು. ಗೊಂಬೆಗಳು ಎಂಟಿರಲಿ ಇಪ್ಪತ್ತಿರಲಿ, ತಟ್ಟೆಯ ಅಗಲ ಅದೇ.

ನಕ್ಷೆಯ ವಿಷಯದಲ್ಲಿಯೂ ಜಾಗ್ರತೆ ಬೇಕು. ಸರ್ವೆ ಆಫ್ ಇಂಡಿಯಾದ ಹಳೆಯ ಹಾಳೆಗಳು ಒಂದು ಇಂಚಿಗೆ ಒಂದು ಮೈಲಿ, ಅಂದರೆ 1:63,360 ಪ್ರಮಾಣದವು. ಈಗಿನವು 1:50,000, ಅಂದರೆ ಒಂದು ಸೆಂ.ಮೀ.ಗೆ 500 ಮೀಟರ್. ಸೆಂಟಿಮೀಟರಿಗೆ 10 ಮೀಟರಿನ ಆಟದಲ್ಲಿ 6 ಅಡಿಗೆ 4 ಅಡಿಯ ಮೇಜಿನ ಮೇಲೆ ಹಿಡಿಯುವುದು 1,830 ಮೀಟರಿಗೆ 1,220 ಮೀಟರ್ ನೆಲ, ಹೊಸ ನಕ್ಷೆಯಲ್ಲಿ ಅದು 3.7ಕ್ಕೆ 2.4 ಸೆಂ.ಮೀ.ನ ಅಂಚೆ ಚೀಟಿಯಷ್ಟು ತುಂಡು. ದೇವಿಮನೆ ಘಟ್ಟದಂತಹ ಕಡೆ ಆ ಚೀಟಿಯೊಳಗೇ ಎತ್ತರದ ರೇಖೆಗಳು ಒತ್ತೊತ್ತಾಗಿ ಬರುತ್ತವೆ. ಹಳೆಯ ಹಾಳೆಯ ರೇಖೆಗಳು ಅಡಿಯಲ್ಲಿ, ಹೊಸದರವು ಮೀಟರಿನಲ್ಲಿ ಇರುತ್ತವೆ ಎಂಬುದನ್ನು ಮರೆತು ಬೆಟ್ಟ ಕಟ್ಟಿದರೆ ಎತ್ತರ ಮೂರು ಪಟ್ಟಿಗಿಂತ ಹೆಚ್ಚು ತಪ್ಪುತ್ತದೆ.

ಕಡಲಿನ ಆಟ

ಕಾರವಾರದ ಗೆಳೆಯನಿಗೆ ಹಡಗುಗಳ ಮೇಲೆ ಪ್ರೀತಿ. ಅಲ್ಲಿಯ ರವೀಂದ್ರನಾಥ ಟಾಗೋರ್ ಕಡಲತೀರದಲ್ಲಿ ವಸ್ತುಸಂಗ್ರಹಾಲಯವಾಗಿ ನಿಂತಿರುವ ಕ್ಷಿಪಣಿ ದೋಣಿ ಐಎನ್‌ಎಸ್ ಚಪಲ್ ಸುಮಾರು 39 ಮೀಟರ್ ಉದ್ದದ್ದು. 1:1200 ಪ್ರಮಾಣದ ಮಾದರಿಯಲ್ಲಿ ಅದು 32 ಮಿ.ಮೀ. ಆಗುತ್ತದೆ.

ಕಡಲಿನಲ್ಲಿ ಮೂರನೆಯದೊಂದು ಮಾನ ಸೇರಿಕೊಳ್ಳುತ್ತದೆ: ನಾವಿಕ ಮೈಲಿ, ಅಂದರೆ 1,852 ಮೀಟರ್. ಗಂಟೆಗೆ ಒಂದು ನಾವಿಕ ಮೈಲಿ ಸಾಗಿದರೆ ಒಂದು ನಾಟ್. ನಾವಿಕ ಮೈಲಿ 2,000 ಗಜಕ್ಕೆ ಬಹಳ ಹತ್ತಿರವಾದ್ದರಿಂದ ನಾವಿಕರು ಒಂದು ಸುಲಭ ಸೂತ್ರ ಕಂಡುಕೊಂಡಿದ್ದಾರೆ: ಮೂರು ನಿಮಿಷದಲ್ಲಿ ಹಡಗು ಎಷ್ಟು ನೂರು ಗಜ ಸಾಗುತ್ತದೆಯೋ ಅದರ ವೇಗ ಅಷ್ಟು ನಾಟ್. 12 ನಾಟ್ ವೇಗದ ಹಡಗು ಮೂರು ನಿಮಿಷಕ್ಕೆ 1,200 ಗಜ. ಇದನ್ನು ಶುದ್ಧ ಮೆಟ್ರಿಕ್ ಮಾಡಹೊರಟು ಒಂದು ಸೆಂಟಿಮೀಟರಿಗೆ 100 ಮೀಟರ್ ಎಂದರೆ ಅದೇ ಹಡಗು 11.1 ಸೆಂ.ಮೀ. ಹೋಗುತ್ತದೆ, ಪ್ರತಿ ನಡೆಯಲ್ಲಿಯೂ ದಶಮಾಂಶ ಎಣಿಸುತ್ತ ಕೂರಬೇಕಾಗುತ್ತದೆ. ಒಂದು ಸೆಂಟಿಮೀಟರಿಗೆ 100 ಗಜ ಎಂದು ಹಿಡಿದರೆ 12 ನಾಟ್ ಎಂದರೆ 12 ಸೆಂ.ಮೀ., 30 ನಾಟ್ ಎಂದರೆ 30 ಸೆಂ.ಮೀ., ಮಕ್ಕಳ ಸ್ಕೇಲಿನಷ್ಟೇ ಉದ್ದ. ಕಡಲು ಗಜದಲ್ಲಿ, ಮೇಜು ಸೆಂಟಿಮೀಟರಿನಲ್ಲಿ; ಎರಡರ ನಡುವಿನ ಪ್ರಮಾಣ ಒಂದೇ ಆಗಿ ಉಳಿಯುವವರೆಗೆ ಈ ಬೆರಕೆಯಿಂದ ಯಾವ ಹಾನಿಯೂ ಇಲ್ಲ.

ಒಂದೇ ಒಂದು ಮಾತನ್ನು ಮೊದಲೇ ನಿಶ್ಚಯಿಸಿಕೊಳ್ಳಿ. ಈ ಪ್ರಮಾಣದ ನೆಲದಲ್ಲಿ ನಿಜವಾದ ಚಪಲ್ 4 ಮಿ.ಮೀ. ಮಾತ್ರ, ಆದರೆ ನಮ್ಮ ಮಾದರಿ 32 ಮಿ.ಮೀ. ಇದೆ. ಆದ್ದರಿಂದ ಹಡಗಿನ ಮೂತಿಯಿಂದಲೋ ಬಾಲದಿಂದಲೋ ದೂರ ಅಳೆದರೆ ಮುನ್ನೂರು ಗಜದವರೆಗೆ ತಪ್ಪಬಹುದು. ಎರಡೂ ಹಡಗುಗಳ ನಡುಗಂಬದ ಬುಡದಿಂದ ಬುಡಕ್ಕೆ ಕೋಲು ಹಿಡಿಯಿರಿ, ನಡುಗಂಬವಿಲ್ಲದ ಮಾದರಿಗೆ ಬೇಸಿನ ಮಧ್ಯದಲ್ಲಿ ಚಾಕುವಿನಿಂದ ಒಂದು ಗೀರು ಹಾಕಿಟ್ಟುಕೊಳ್ಳಿ.